ಸಕ್ಕರಿ ಹುಡುಕಿಕೊಂಡು ಬಂದ ಮನೆ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಜಾಪುರದ ಸ್ಟೇಷನ್ ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಪಕ್ಕದ ಬಾಡಿಗೆ ಮನೆ ಕೌದಿ ಹೊಲಿಯುವ ಹಾಜಿರಾಬಿಯದು. ಗಂಡ ತೀರಿಕೊಂಡಿದ್ದ. ಇದ್ದೊಬ್ಬ ಮಗಳು ಆಶಾಬಿಯನ್ನು ತಿಕೋಟಾಕ್ಕೆ ಕೊಟ್ಟಿದ್ದಳು. ಜೊತೆಗೆ ಉಳಿದದ್ದು ಸಕ್ಕರಿ ಎಂಬ ಬಿಳಿ ಬೆಕ್ಕು. ಕೌದಿ ಹಾಸಿದರೆ ಸಾಕು, ಅದು ನಟ್ಟನಡುವೆ ಹೋಗಿ ಮಲಗಿಬಿಡುತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಈ ಪುಣ್ಯಾತ್ಗಿತ್ತಿ ಅದರ ಸುತ್ತ ಹೊಲಿಯುತ್ತ ಕೂಡುವಳು. ನನ್ನ ಕೌದಿಗಾಗಿ ನಾನು ಚಳಿಗಾಲ ಪೂರ್ತಿ ಕಾದಿದ್ದೇನೆ.

ಆಶಾಬಿಯ ಬಾಣಂತನಕ್ಕೆ ತಿಕೋಟಾಕ್ಕೆ ಹೋಗಬೇಕಾಯಿತು. ಅಳಿಯ ಪಾರಿವಾಳ ಸಾಕಿದವನು, ಅಲ್ಲಿಗೆ ಬೆಕ್ಕನ್ನು ಒಯ್ಯುವಂತಿಲ್ಲ. ನಮ್ಮತ್ತೆಗೋ ಬೆಕ್ಕು ಕಂಡರಾಗದು. ತೊರವಿಯ ದಾರಿಯಲ್ಲಿ ಕೆಲವು ವ್ಯಾಪಾರಸ್ಥರು ಧರ್ಮಕ್ಕೆಂದು ನಡೆಸುತ್ತಿದ್ದ ಪ್ರಾಣಿಗಳ ಆಸರೆಯೊಂದಿತ್ತು. ಮುದಿ ದನಗಳ ಕೊಟ್ಟಿಗೆಯ ಪಕ್ಕದಲ್ಲಿ ಬೆಕ್ಕುಗಳಿಗೂ ಒಂದು ಕೋಣೆ. ಹಾಜಿರಾಬಿ ಸಕ್ಕರಿಯನ್ನು ಅಲ್ಲಿ ಬಿಟ್ಟು, ಕಣ್ಣೊರೆಸಿಕೊಳ್ಳುತ್ತ ಮಗಳ ಊರಿಗೆ ಹೋದಳು.

ಬಾಣಂತನ ಮುಗಿಸಿ ಬಂದವಳು ಮೊದಲು ಓಡಿದ್ದು ಅಲ್ಲಿಗೇ. ಅಲ್ಲಿನ ಉಸ್ತುವಾರಿ ಸಿದ್ದರಾಯ ತಲೆಯಾಡಿಸಿದ.

"ಇಲ್ಲಿ ಬಿಟ್ಟದ್ದು ದಾನ ಕೊಟ್ಟಂಗ ಯವ್ವಾ. ದಾನ ಹೊಳ್ಳಿ ಕೊಟ್ರ ನಮಗ ಪಾಪ."

"ದಾನ ಎಲ್ಲೀದ್ರೀ? ನಾ ಇಟ್ಟು ಹೋಗಿದ್ದೆ!"

ಅವಳ ಮಾತು ನಡೆಯಲಿಲ್ಲ. ಒಳಗೆ ನೋಡಿದರೆ ಬೆಕ್ಕುಗಳೆಲ್ಲ ಎಲುಬಿನ ಹಂದರವಾಗಿದ್ದವು. ಧರ್ಮದ ಜಾಗದಲ್ಲಿ ಮಾಂಸ ಸಲ್ಲದೆಂದು ಮೂರು ಹೊತ್ತೂ ಹಾಲು, ರೊಟ್ಟಿ. ಇಲಿ ಹಿಡಿದಾವೆಂದು ಬಾಗಿಲಿಗೆ ಕೀಲಿ ಬೇರೆ! ಕೆಟ್ಟವರೇನಲ್ಲ ಅವರು. ಆದರೂ ಬೆಕ್ಕಿನ ಬಾಯಿಗೆ ವ್ರತ ಕಟ್ಟುವ ಅಂಥ ಪುಣ್ಯ ಯಾರಿಗೆ ಬೇಕು? ನನಗಂತೂ ಈಗಲೂ ಸಿಟ್ಟು ಬರುತ್ತದೆ.

ಹಾಜಿರಾಬಿ ಅಲ್ಲಿಯೇ ಕಸ ಗುಡಿಸುವ ಕೆಲಸಕ್ಕೆ ನಿಂತಳು. ಇರಲು ಒಂದು ಖೋಲಿ ಕೊಟ್ಟರು. ಓಣಿಯ ಮನೆಯನ್ನು ಬಿಟ್ಟುಕೊಟ್ಟಳು. ಗುಡಿಸಿ ಮುಗಿಸಿ ಕೂತಷ್ಟು ಹೊತ್ತು ಸಕ್ಕರಿ ಅವಳ ತೊಡೆಯ ಮೇಲೆ. ಆಮೇಲೆ ಮತ್ತೆ ಕೀಲಿ. ಬೆಕ್ಕು ದಿನದಿನಕ್ಕೂ ಹಗುರಾಗುತ್ತಿತ್ತು. ಅವಳು ಸಿದ್ದರಾಯನ ಬೆನ್ನು ಬಿಡಲಿಲ್ಲ.

"ನೀವು ಮಾಂಸ ಹಾಕಬ್ಯಾಡ್ರಿ. ಸಂಜಿಗಿ ಬಾಗಿಲಾ ತೆಗೀರಿ ಅಷ್ಟ. ಹೊರಗ ಅವು ಏನ ತಿಂದ್ರೂ ಪಾಪ ನಿಮಗ ತಟ್ಟಂಗಿಲ್ಲ."

ಆಸರೆ ನಡೆಸುವ ಹಿರಿಯರನ್ನು ಕೇಳಿ ಬಂದು ಅವನು ಕೊನೆಗೂ ಒಪ್ಪಿದ. ಬೆಕ್ಕುಗಳು ಹೊಲಗಳಿಗೆ ಹೋಗಿ ಬೇಟೆಯಾಡಿ, ಬೆಳಿಗ್ಗೆ ಹಾಲಿಗೆ ಹೊಳ್ಳಿ ಬಂದವು. ಸಕ್ಕರಿಯೊಂದು ಬರಲಿಲ್ಲ.

ಕೆಲವು ದಿನಗಳ ಮೇಲೆ ನಾನೇ ಅದನ್ನು ಕಂಡೆ. ಹಾಜಿರಾಬಿ ಬಿಟ್ಟ ಮನೆಯ ಹೊಸ್ತಿಲಲ್ಲಿ, ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಕೂತು ಕೂಗುತ್ತಿತ್ತು. ಕೂಡಲೇ ಹಾಜಿರಾಬಿಗೆ ಹೇಳಿ ಕಳಿಸಿದೆ. ಅವಳು ಏದುಸಿರು ಬಿಡುತ್ತ ಬರುವಷ್ಟರಲ್ಲಿ ಹೊಸ ಬಾಡಿಗೆಯವರು ನೀರು ಎರಚಿ ಓಡಿಸಿಬಿಟ್ಟಿದ್ದರು. ಹಸಿ ಹೊಸ್ತಿಲನ್ನು ಅವಳು ಸವರಿ ನೋಡಿದಳು.

"ಅದಕ್ಕ ಮನಿ ಬೇಕಾಗಿತ್ತವ್ವಾ. ಅದರ ಸಲುವಾಗೇ ನಾ ಆ ಮನಿ ಬಿಟ್ಟೆ."

ಆಮೇಲೂ ಎಷ್ಟೋ ದಿನ ಅವಳು ಸಂಜೆ ಕೆಲಸ ಮುಗಿಸಿ ತೊರವಿಯ ದಾರಿಯಿಂದ ನಡೆದು ಬಂದು ನಮ್ಮ ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಕೂಡುತ್ತಿದ್ದಳು. ಕಣ್ಣು ಮಾತ್ರ ಪಕ್ಕದ ಹೊಸ್ತಿಲ ಮೇಲೆ. ಸುತ್ತಲೂ ಹೊಲಿಯುತ್ತಿದ್ದಳು, ನಡುವಿನ ಒಂದಿಷ್ಟು ಜಾಗ ಹಾಗೇ ಬಿಡುತ್ತಿದ್ದಳು.