ಬೆಟ್ಟದ ಎಡಗಡೆ ಲಂಕೆ

ಹೋದ ವಾರ ಮನೆಗೆಲಸಕ್ಕೆ ಬರುವ ಹೆಂಗಸು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ ಅಲ್ಲಿಂದಲೇ ಕೂಗಿದಳು. "ಟೀಚರಮ್ಮ, ಈ ಪೈಪು ಪೂರಾ ತುಕ್ಕಿಡ್ಕಂಡದೆ. ಬಟ್ಟೆಗೆಲ್ಲ ಕರೆ ಆಯ್ತದೆ. ಗುಜರಿಯವ್ನಿಗೆ ಹಾಕ್ಬುಡ್ಲಾ?"

ಬೇಡ ಅಂದೆ. ಸ್ವಲ್ಪ ಜೋರಾಗಿಯೇ ಅಂದೆ ಅಂತ ಕಾಣುತ್ತದೆ, ಅವಳು ಮತ್ತೆ ಆ ಮಾತೆತ್ತಲಿಲ್ಲ. ಅವಳು ಹೋದ ಮೇಲೆ ಮಂಡಿನೋವನ್ನು ಬೈದುಕೊಂಡು ಮೆಟ್ಟಿಲು ಹತ್ತಿದೆ. ಬಟ್ಟೆ ಹಗ್ಗದ ಒಂದು ಕೊನೆ ಹಿಡಿದು ನಿಂತಿರುವ ಆಳೆತ್ತರದ ಕಬ್ಬಿಣದ ಪೈಪು. ಮುಟ್ಟಿದರೆ ಕೈಗೆಲ್ಲ ತುಕ್ಕಿನ ವಾಸನೆ. ಆ ವಾಸನೆಗೆ ನನಗೆ ಎದುರುಮನೆ ಫಿಟ್ಟರಣ್ಣ ನೆನಪಾಗುತ್ತಾರೆ.

ನಾನು ಮದುವೆಯಾಗಿ ಮೈಸೂರಿಗೆ, ನಜರ್‌ಬಾದಿನ ಈ ಮನೆಗೆ ಬಂದಾಗ ಅವರು ಆಗಲೇ ಎದುರುಮನೆಯಲ್ಲಿದ್ದರು. ಹೆಂಡತಿ, ಒಬ್ಬಳು ಮಗಳು, ಅವ್ವ. ಅವರಿಗೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಕೆಲಸ. ಬೀದಿಯಲ್ಲಿ ಯಾರ ನಲ್ಲಿ ಸೋರಲಿ, ಯಾರ ಗೇಟು ಕಚ್ಚಿಕೊಳ್ಳಲಿ, ಕರೆಯುತ್ತಿದ್ದುದು ಅವರನ್ನೇ. ಕೆಲಸ ಮುಗಿದ ಮೇಲೆ, ಎರಡು ಕಬ್ಬಿಣ ಕೂಡುವ ಜಾಗದಲ್ಲಿ ಮೊನೆಯಿರುವ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇ ಒಂದು ಏಟು ಹಾಕುತ್ತಿದ್ದರು. ಅಲ್ಲೊಂದು ಚುಕ್ಕೆ ಬೀಳುತ್ತಿತ್ತು. "ಬಿಚ್ಚಿ ಮತ್ತೆ ಜೋಡಿಸೋವಾಗ ಎಲ್ಲಿಗೆ ಕೂರಿಸ್ಬೇಕು ಅಂತ ಗೊತ್ತಾಗ್ಬೇಕಲ್ವಾ" ಅನ್ನುತ್ತಿದ್ದರು. ನಮ್ಮ ಗೇಟಿನ ಮೇಲೆ ಇವತ್ತಿಗೂ ಅಂಥ ಚುಕ್ಕೆಗಳಿವೆ.

ಅವರ ಮನೆಯವರು ಬೌದ್ಧರು. ಹಳ್ಳಿ ಬಿಟ್ಟು ಮೈಸೂರಿಗೆ ಬಂದ ಮೇಲೆ ತಾಯಿ ಮಗ ಇಬ್ಬರೂ ದೀಕ್ಷೆ ತೆಗೆದುಕೊಂಡಿದ್ದರಂತೆ. ನಮ್ಮತ್ತೆ ಅವರ ಮನೆಯ ನೀರೂ ಮುಟ್ಟುತ್ತಿರಲಿಲ್ಲ. ನಾನು ಕಾಫಿ ಕುಡಿಯುತ್ತಿದ್ದೆ, ಅಷ್ಟಕ್ಕೇ ಏನೋ ಮಹಾ ಸಾಧನೆ ಮಾಡಿದವಳ ಹಾಗೆ ಬೀಗುತ್ತಿದ್ದೆ. ಊಟಕ್ಕೆ ಕರೆದರೆ ಮಾತ್ರ "ಮನೇಲಿ ಅಡಿಗೆ ಆಗಿದೆ" ಅಂತ ಎದ್ದು ಬರುತ್ತಿದ್ದೆ. ಅವರೂ ಬಲವಂತ ಮಾಡುತ್ತಿರಲಿಲ್ಲ.

ಅವ್ವನಿಗೆ ಒಂದೇ ಒಂದು ಆಸೆಯಿತ್ತು. ದೀಕ್ಷೆಯ ದಿನ ಲಂಕೆಯ ಭಿಕ್ಷು ಒಬ್ಬರು ಬಂದಿದ್ದರಂತೆ, ಅವರು ಹೇಳಿದ್ದು ಅವ್ವನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. "ವೈಶಾಖದ ಉಣ್ಣಿಮೇಲಿ ಅಲ್ಲಿ ರಸ್ತೆ ರಸ್ತೇಲೂ ಅನ್ನ ಇಕ್ತಾರಂತೆ ಕಣವ್ವ. ದಾರೀಲಿ ಓಗೋರ್‍ನ ಕರ್‍ದು ಕೂರಿಸ್ತಾರಂತೆ. ನೀನ್ಯಾರು, ಯಾವ್ ಕೇರಿಯೋನು ಅಂತ ಒಬ್ರೂ ಕೇಳಕಿಲ್ವಂತೆ." ಊರಿನ ಊಟಗಳಲ್ಲಿ ಎಲ್ಲರ ಪಂಕ್ತಿ ಎದ್ದ ಮೇಲೆ ದೂರದಲ್ಲಿ ಸೆರಗೊಡ್ಡಿ ನಿಂತು ಬೆಳೆದವರು ಅವರು. ಆ ಒಂದು ಊಟವನ್ನು ಕಣ್ಣಾರೆ ನೋಡಬೇಕು, ಅಲ್ಲಿಯವರು ಉಣ್ಣುವಾಗ ತಾನೂ ತಟ್ಟೆ ಇಟ್ಟುಕೊಂಡು ಜೊತೆಗೆ ಉಣ್ಣಬೇಕು. ಇಷ್ಟೇ. ಲಂಕೆಗೆ ಹೋಗುವ ಮಾತಂತೂ ಯಾರ ಕೈಲೂ ಆಗುವಂಥದ್ದಲ್ಲ.

ಅಷ್ಟರಲ್ಲಿ ಬೀದಿಗೆ ಟಿವಿ ಬಂತು. ಇದ್ದದ್ದು ಒಂದೇ ಚಾನೆಲ್. ವರ್ಕ್‌ಶಾಪಿನಲ್ಲಿ ಮಧುರೆ ಕಡೆಯ ಒಬ್ಬರು, ತಮ್ಮೂರಲ್ಲಿ ಎತ್ತರದ ಆಂಟೆನಾ ಕಟ್ಟಿದರೆ ಲಂಕೆಯ ಟಿವಿಯೂ ಬರುತ್ತದೆ, ಬೇಸಿಗೆಯಲ್ಲಿ ಗಾಳಿ ಅಲ್ಲಾಡದ ಸಂಜೆ ಮೈಸೂರಿಗೂ ಬಂದರೆ ಬಂದೀತು ಅಂದಿದ್ದರು. ಫಿಟ್ಟರಣ್ಣನಿಗೆ ಅಷ್ಟು ಸಾಕಾಯಿತು. ಅಲ್ಯೂಮಿನಿಯಂ ಕೊಳವೆಗಳನ್ನು ಕೊಯ್ದು ತಾವೇ ಆಂಟೆನಾ ಮಾಡಿದರು. ಮಾಡಿದ ಮೇಲೆ ನಮ್ಮ ಮನೆ ಬಾಗಿಲಿಗೆ ಬಂದರು. "ಟೀಚರಮ್ಮ, ನೀವು ಮಕ್ಕಳಿಗೆ ಭೂಗೋಳ ಹೇಳ್ಕೊಡೋರು. ಲಂಕೆ ಯಾವ ಕಡೆ ಬರುತ್ತೆ, ಒಸಿ ಹೇಳಿ."

ನಾನು ಭೂಪಟ ತೆಗೆದು ಮೈಸೂರಿಗೂ ಕೊಲಂಬೋಗೂ ಸ್ಕೇಲ್ ಇಟ್ಟು ಗೆರೆ ಎಳೆದೆ. ಮಹಡಿಗೆ ಹೋಗಿ ದಿಕ್ಕು ಲೆಕ್ಕ ಹಾಕಿ ಕೈ ತೋರಿಸಿದೆ. ನಜರ್‌ಬಾದಿನಿಂದ ಬೆಟ್ಟ ಹೆಚ್ಚುಕಡಿಮೆ ದಕ್ಷಿಣಕ್ಕಿದೆ. ಲಂಕೆ ಅದರ ಪಕ್ಕ, ಎಡಗಡೆಯ ಇಳಿಜಾರಿನ ನೇರಕ್ಕೆ. ಅವರು ಅಲ್ಲಿಗೇ ತಿರುಗಿಸಿ ಬಿಗಿದರು.

ಒಂದು ತಿಂಗಳು ಬರೀ ಗ್ರೇನ್ಸ್. ಪರದೆಯ ತುಂಬ ಇರುವೆ ಮುತ್ತಿದ ಹಾಗೆ, ಗುರ್ರ್ ಅನ್ನುವ ಸದ್ದು. ಒಂದು ಸಂಜೆ ಮಾತ್ರ ಆ ಇರುವೆಗಳ ನಡುವೆ ಹೆಂಗಸೊಬ್ಬಳ ಮುಖ ಮೂಡಿತು, ನಮಗಾರಿಗೂ ತಿಳಿಯದ ಭಾಷೆಯಲ್ಲಿ ಏನೋ ಓದುತ್ತಿದ್ದಳು. ಹತ್ತು ನಿಮಿಷ ಇದ್ದು ಹೋಯಿತು. ಅವ್ವ ಪರದೆಯ ಹತ್ತಿರ ಹೋಗಿ ಆ ಮುಖಕ್ಕೆ ಕೈಮುಗಿದರು. "ಬೆಟ್ಟ ಅಡ್ಡ ಬರ್ತಾ ಅದೆ. ಬೋಗಾದಿ ಸೈಟಲ್ಲಿ ಮನೆ ಕಟ್ಟಿದ್ರೆ ಬೆಟ್ಟದ ಕಾಟ ಇರಕಿಲ್ಲ" ಅಂದರು ಫಿಟ್ಟರಣ್ಣ. ಊರಿನ ಪಶ್ಚಿಮಕ್ಕೆ, ಅವರು ಸೈಟು ತೆಗೆದುಕೊಂಡಿದ್ದ ಬೋಗಾದಿಯಲ್ಲಿ ಆಗಿನ್ನೂ ಹೊಲ ಗದ್ದೆ. ಬೀದಿಯವರೆಲ್ಲ ನಕ್ಕರು. ಟಿವಿಗೋಸ್ಕರ ಊರಾಚೆ ಮನೆ ಕಟ್ಟುವವರನ್ನು ನೋಡಿರಲಿಲ್ಲ ಅಂತ ನಾನೂ ನಕ್ಕೆ. ಅವರು ಕಟ್ಟಿಯೇ ಬಿಟ್ಟರು.

ಮನೆ ಬದಲಾಯಿಸುವ ಹಿಂದಿನ ದಿನ ಹೇಳಿಹೋಗಲು ಬಂದರು. ನಾನು ಪರೀಕ್ಷೆಯ ಪೇಪರು ತಿದ್ದುತ್ತ ಕೂತಿದ್ದೆ. "ಟೀಚರಮ್ಮ, ಅಲ್ಲೂ ಅದೇ ದಿಕ್ಕಾ?" ಅಂತ ಕೇಳಿದರು. ನಾನು ತಲೆ ಎತ್ತಲಿಲ್ಲ. "ಅದೇ ಫಿಟ್ಟರಣ್ಣ. ಅಲ್ಲಿಗೂ ಬೆಟ್ಟ ಕಾಣುತ್ತಲ್ಲ, ಅದರ ಎಡಗಡೆ ಇಳಿಜಾರಿಗೆ ಇಡಿ" ಅಂದೆ.

ಮೈಸೂರಿನವರಿಗೆ ಇದೊಂದು ರೋಗ. ದಿಕ್ಕು ಅಂದರೆ ನಮಗೆ ಬೆಟ್ಟ. ದಾರಿ ಹೇಳುವುದೂ ಬೆಟ್ಟ ನೋಡಿಕೊಂಡೇ, ಮಳೆ ಬರುತ್ತದೋ ಇಲ್ಲವೋ ಅನ್ನುವುದೂ ಬೆಟ್ಟ ನೋಡಿಕೊಂಡೇ. ಬೆಟ್ಟ ಅಲ್ಲೇ ಇರುತ್ತದೆ, ನಾವು ಜಾಗ ಬದಲಾಯಿಸಿದರೆ ಅದರ ದಿಕ್ಕು ಬದಲಾಗುತ್ತದೆ ಅನ್ನುವುದನ್ನು ನಾನು ವರ್ಷಾವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೆ...

ಅವರು ಅಲ್ಲಿ ಹೊಸ ಪೈಪು, ಅದನ್ನು ಗೋಡೆಗೆ ಬಿಗಿಯಲು ಹೊಸ ಕ್ಲಾಂಪು ಹಾಕಿ, ಮೊದಲಿಗಿಂತ ಎತ್ತರಕ್ಕೆ ಆಂಟೆನಾ ಏರಿಸಿದರು. ವೈಶಾಖದ ಹುಣ್ಣಿಮೆಗೆ ನನ್ನನ್ನೂ ಕರೆದಿದ್ದರು. ಕತ್ತಲಾಗುವ ಹೊತ್ತಿಗೆ ಹೋದೆ. ಅವ್ವ ಆಗಲೇ ಸೊರಗಿದ್ದರು, ಕಾಲು ಊದಿತ್ತು. ಆದರೂ ತಲೆ ಬಾಚಿಸಿಕೊಂಡು, ಬಿಳೀ ಸೀರೆ ಉಟ್ಟು ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ತೊಡೆಯ ಮೇಲೆ ತಟ್ಟೆ. ಅನ್ನ, ಹುಳಿ, ಒಂದು ಸೌಟು ಪಾಯಸ. ಬೆಳಗಿನಿಂದ ಏನೂ ತಿಂದಿಲ್ಲ ಅಂದರು ಅವರ ಸೊಸೆ. ಲಂಕೆಯವರು ಕೂತ ಮೇಲೆ ಇವರೂ ತುತ್ತು ಎತ್ತಬೇಕು.

ಏಳು ಗಂಟೆ ಆಯಿತು. ಎಂಟಾಯಿತು. ಗ್ರೇನ್ಸ್. ಫಿಟ್ಟರಣ್ಣ ಮಹಡಿಗೂ ಕೋಣೆಗೂ ಹತ್ತಿ ಇಳಿದರು, ಆಂಟೆನಾವನ್ನು ಒಂದು ಕೂದಲೆಳೆಯಷ್ಟು ಆಚೆ, ಒಂದು ಕೂದಲೆಳೆಯಷ್ಟು ಈಚೆ ಮಾಡಿದರು. ನಾನು ಹೇಳಿದ ದಿಕ್ಕಿನ ಮೇಲೆ ಅವರಿಗೆ ಅನುಮಾನವೇ ಇರಲಿಲ್ಲ. ಕೊನೆಗೆ ಅವ್ವನೇ ಅಂದರು, "ಬುಡು ಮಗ. ಅವ್ರು ಉಂಡಿರ್‍ತಾರೆ." ತಣ್ಣಗಾದ ಅನ್ನವನ್ನು ಎರಡು ತುತ್ತು ತಿಂದು ತಟ್ಟೆ ಕೆಳಗಿಟ್ಟರು. ಸೊಸೆ ನನಗೂ ತಟ್ಟೆ ತಂದರು. ಮನೇಲಿ ಅಡಿಗೆ ಆಗಿದೆ ಅಂದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅಂದದ್ದು ನಿಜ.

ಆಷಾಢದಲ್ಲಿ ಅವ್ವ ತೀರಿಕೊಂಡರು.

ಮಾತಾಡಿಸಿಕೊಂಡು ಬರಲು ಬೆಳಿಗ್ಗೆಯೇ ಹೋದೆ. ಕೋಣೆಯ ತುಂಬ ಜನ, ಉಸಿರು ಕಟ್ಟಿದ ಹಾಗಾಗಿ ಮಹಡಿ ಹತ್ತಿದೆ. ಎದುರಿಗೆ ಬೆಟ್ಟ ಕಂಡಿತು. ಅದರ ಎಡಗಡೆ, ಇಳಿಜಾರು ಮುಗಿದು ಒಂದಿಷ್ಟು ಆಚೆ, ಮೋಡದ ಹಿಂದೆ ಸೂರ್ಯ. ಆಂಟೆನಾ ಹೆಚ್ಚುಕಡಿಮೆ ಆ ಸೂರ್ಯನ ಕಡೆಗೇ ಮುಖ ಮಾಡಿ ನಿಂತಿತ್ತು. ಬೋಗಾದಿಯಿಂದ ಬೆಟ್ಟ ಪೂರ್ವದ ಕಡೆಗೆ ಬರುತ್ತದೆ. ಲಂಕೆ ಅದರ ಬಲಗಡೆ, ಎಷ್ಟೋ ಆಚೆ, ಬಯಲಿನ ನೇರಕ್ಕೆ ಇತ್ತು. ಆ ನೇರಕ್ಕೆ ಅಡ್ಡವಾಗಿ ಒಂದು ಮರವೂ ಇರಲಿಲ್ಲ. ಮನೆಗೆ ಬಂದು ಭೂಪಟದ ಮೇಲೆ ಸ್ಕೇಲ್ ಇಟ್ಟೆ. ನಾನು ಅವ್ವನನ್ನು ಕೂರಿಸಿ ಪಾಂಡಿಚೇರಿ ತೋರಿಸಲು ಹೊರಟಿದ್ದೆ.

ಫಿಟ್ಟರಣ್ಣನಿಗೆ ಹೇಳಬೇಕಿತ್ತು. ಇವತ್ತು ಹೇಳುತ್ತೇನೆ, ಭಾನುವಾರ ಹೋಗಿ ಹೇಳುತ್ತೇನೆ ಅಂತ ದಿನ ತಳ್ಳಿದೆ. ಸರಿಯಾದ ದಿಕ್ಕಿಗೆ ಇಟ್ಟಿದ್ದರೂ ಆ ಸಂಜೆ ಬರುತ್ತಿತ್ತು ಅಂತ ಯಾರು ಹೇಳಿದರು, ಎಲ್ಲ ಗಾಳಿಯ ಮರ್ಜಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೀಗೇ ಒಂದು ವರ್ಷ ಕಳೆಯಿತು.

ಮುಂದಿನ ವೈಶಾಖದ ಹುಣ್ಣಿಮೆಯ ಸಂಜೆ ಬೀದಿಯ ಕೊನೆಯ ಅಂಗಡಿಗೆ ಫೋನ್ ಬಂತು. ಓಡಿಹೋಗಿ ತೆಗೆದುಕೊಂಡೆ. "ಬಂದದೆ ಟೀಚರಮ್ಮ! ನಿಂತದೆ! ಆಟೋ ಹಿಡ್ಕೊಂಡು ಬಂದ್ಬುಡಿ!" ಫಿಟ್ಟರಣ್ಣ ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಹೋದಾಗಲೂ ಇತ್ತು. ಇರುವೆಗಳಿದ್ದವು, ಆದರೆ ಅವುಗಳ ಹಿಂದೆ ಎಲ್ಲವೂ ಕಾಣುತ್ತಿತ್ತು. ರಸ್ತೆಯುದ್ದಕ್ಕೂ ಕಾಗದದ ದೀಪಗಳು. ಬಿಳಿ ಬಟ್ಟೆ ಉಟ್ಟ ಜನ. ಚಪ್ಪರದ ಕೆಳಗೆ ಉದ್ದಕ್ಕೆ ಕೂತು ಕೈಯಲ್ಲಿ ಕಲಸಿ ಉಣ್ಣುತ್ತಿದ್ದರು. ಲಾರಿ ನಿಲ್ಲಿಸಿ ಇಳಿದವನೊಬ್ಬ ಹಾಗೇ ಹೋಗಿ ಕೂತ, ಅವನ ಮುಂದೆಯೂ ತಟ್ಟೆ ಬಂತು. ಅವನನ್ನು ಯಾರೂ ಏನೂ ಕೇಳಲಿಲ್ಲ. ಇಲ್ಲಿ ಅವ್ವನ ಫೋಟೋವನ್ನು ಗೋಡೆಯಿಂದ ಇಳಿಸಿ, ಮಂಚದ ಮೇಲೆ ಅದೇ ಜಾಗದಲ್ಲಿ ಟಿವಿ ಕಡೆಗೆ ಒರಗಿಸಿ ಕೂರಿಸಿದ್ದರು. ಮುಂದೆ ತಟ್ಟೆ. ಸೊಸೆ ಎಲ್ಲರಿಗೂ ಬಡಿಸಿದರು. ನನಗೆ ಬಡಿಸಲೋ ಬೇಡವೋ ಅಂತ ಒಂದು ಗಳಿಗೆ ನಿಂತರು. ನಾನು ತಟ್ಟೆ ಈಸಿಕೊಂಡು ನೆಲದ ಮೇಲೆ ಕೂತೆ. ಬಡಿಸಿದ್ದನ್ನು ಪೂರ್ತಿ ಉಂಡೆ.

ಕೈ ತೊಳೆಯುವಾಗ ಅವರ ಮುಖ ನೋಡದೆ ಕೇಳಿದೆ. "ಫಿಟ್ಟರಣ್ಣ, ಆಂಟೆನಾ ತಿರುಗಿಸಿದ್ರಾ?"

"ಇಲ್ಲ ಕಣ್ರೀ ಟೀಚರಮ್ಮ" ಅಂದರು. "ಹೋದ ತಿಂಗಳು ಗಾಳಿ ಬೀಸ್ತಲ್ಲ, ಅದಕ್ಕೇ ಒಸಿ ತಿರುಗಿಕೊಂಡಿರಬೇಕು. ನಮ್ಮ ಪುಣ್ಯ."

ನಾನು ನಂಬಿದೆ. ನಂಬುವುದು ಸುಲಭವಾಗಿತ್ತು.

ಆಮೇಲೆ ಕೇಬಲ್ ಬಂತು, ಡಿಶ್ ಬಂತು. ಈಗ ನನ್ನ ತಂಗಿಯ ಮಗ ಮಹಡಿಯ ಮೇಲೆ ಆಂಟೆನಾ ಕಟ್ಟಿ ದೂರದ ಡಿಜಿಟಲ್ ಚಾನೆಲ್ ಹಿಡಿಯುವ ಹುಚ್ಚು ಹತ್ತಿಸಿಕೊಂಡಿದ್ದಾನೆ. "ಇದ್ರಲ್ಲಿ ಗ್ರೇನ್ಸ್ ಇರಲ್ಲ ದೊಡ್ಡಮ್ಮ, ಬಂದ್ರೆ ಪೂರ್ತಿ ಬರುತ್ತೆ, ಇಲ್ಲಾಂದ್ರೆ ಏನೂ ಇಲ್ಲ" ಅನ್ನುತ್ತಾನೆ. ಹಾಗಾದರೆ ಆ ಮೊದಲ ಸಂಜೆಯ ಹೆಂಗಸಿನ ಮುಖ ಅವ್ವನಿಗೆ ಸಿಗುತ್ತಲೇ ಇರಲಿಲ್ಲ ಅಂದುಕೊಳ್ಳುತ್ತೇನೆ. ಲಂಕೆಯ ಹುಣ್ಣಿಮೆಯಂತೂ ಈಗ ನನ್ನ ಫೋನಿನಲ್ಲೇ ಬರುತ್ತದೆ, ದಿಕ್ಕು ಗಿಕ್ಕು ಏನೂ ಬೇಕಾಗಿಲ್ಲ. ಪ್ರತಿ ವರ್ಷ ಆ ಸಂಜೆ ತಟ್ಟೆ ಇಟ್ಟುಕೊಂಡು ನೋಡುತ್ತೇನೆ.

ಫಿಟ್ಟರಣ್ಣ ಹೋಗಿ ಆರೇಳು ವರ್ಷವಾಯಿತು. ಕೊನೆಯವರೆಗೂ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ಬೇರೆಯವರಿಗೆ "ನಮ್ಗೆ ಲಂಕೆ ತೋರಿಸಿಕೊಟ್ಟೋರು ಇವ್ರೇ" ಅಂತ ಪರಿಚಯ ಮಾಡಿಸುತ್ತಿದ್ದರು. ಅವರು ಹೋದ ಮೇಲೆ ಮಗಳು ಬೋಗಾದಿಯ ಮನೆಗೆ ಮೇಲೊಂದು ಅಂತಸ್ತು ಎತ್ತಿಸಿದಳು. ಕಿತ್ತು ಹಾಕಿದ್ದರಲ್ಲಿ ಆಂಟೆನಾದ ಪೈಪಿನ ಬುಡದ ಈ ತುಂಡು ಸಿಕ್ಕಿತಂತೆ, ಬಟ್ಟೆ ಹಗ್ಗಕ್ಕಾದರೂ ಆಗುತ್ತದೆ ಅಂತ ತಂದುಕೊಟ್ಟು ಹೋದಳು.

ನಿಲ್ಲಿಸುವ ಮುಂಚೆ ಒರೆಸುತ್ತಿದ್ದಾಗ ಕೈಗೆ ಸಿಕ್ಕಿದವು ಅವು. ಕ್ಲಾಂಪು ಹಿಡಿದಿದ್ದ ಜಾಗದಲ್ಲಿ ಒಂದು ಚುಕ್ಕೆ. ಅದರ ಪಕ್ಕದಲ್ಲೇ, ಅದೇ ಎತ್ತರಕ್ಕೆ, ಇನ್ನೊಂದು. ಮೊನ್ನೆ ಗುಜರಿಯ ಮಾತು ಬಂದ ದಿನವೂ ಆ ಎರಡರ ನಡುವೆ ಹೆಬ್ಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂರುತ್ತದೆ. ನಾನು ಹೇಳಿದ ಲಂಕೆಗೂ ನಿಜವಾದ ಲಂಕೆಗೂ ಒಂದು ಹೆಬ್ಬೆರಳಿನ ಅಗಲ.

ಗಾಳಿ ಎಷ್ಟೇ ಬೀಸಲಿ, ಪಂಚ್ ಹೊಡೆಯುವುದಿಲ್ಲ.