ಪರವಾಗಿಲ್ಲ ಎಂಬ ಪ್ರಶಸ್ತಿ

ನನಗೆ ಬಯ್ಯುವುದು ಸಲೀಸು, ಹೊಗಳುವುದು ಕಷ್ಟ. ತುಮಕೂರಿನ ಪಿಯು ಕಾಲೇಜೊಂದರಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಕಲಿಸಿದ್ದೇನೆ. ಯಾರಾದರೂ ಬೋರ್ಡಿನ ಮೇಲೆ ನನಗಿಂತ ಚೆನ್ನಾಗಿ ಲೆಕ್ಕ ಬಿಡಿಸಿದರೆ, "ಹ್ಞೂಂ, ಪರವಾಗಿಲ್ಲ, ಕೂತ್ಕೋ" ಎನ್ನುತ್ತೇನೆ. ನನ್ನ ಹತ್ತಿರ ಅದಕ್ಕಿಂತ ದೊಡ್ಡ ಪ್ರಶಸ್ತಿಯಿಲ್ಲ. ಚಿಕ್ಕಂದಿನಲ್ಲಿ ನನ್ನ ಮೇಷ್ಟ್ರು ನನಗೂ ಅದನ್ನೇ ಕೊಟ್ಟಿದ್ದರು. ಆವತ್ತು ಗುಬ್ಬಿಯ ಬೀದಿಯಲ್ಲಿ ಮನೆಯತನಕ ಕುಣಿದುಕೊಂಡೇ ಹೋಗಿದ್ದೆ.

ನಾನೊಬ್ಬಳೇ ಹೀಗೆ ಎಂದುಕೊಳ್ಳಬೇಡಿ. ನಮ್ಮ ಕಡೆ ಮಕ್ಕಳನ್ನು ಎದುರಿಗೆ ಹೊಗಳುವ ಪದ್ಧತಿಯೇ ಇಲ್ಲ. ಕೂಸು ಗುಂಡುಗುಂಡಗೆ ಮುದ್ದಾಗಿದ್ದರೆ "ಕೋತಿ ಥರ ಇದೆ" ಎಂದು ಕೆನ್ನೆ ಚಿವುಟಬೇಕು. ಬಂದವರು ಬಾಯಿತಪ್ಪಿ "ಎಷ್ಟು ಚೆನ್ನಾಗಿದೆ" ಎಂದರೋ, ಅವರು ಗೇಟು ದಾಟುವ ಮೊದಲೇ ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಹಾಗಂತ ಕನ್ನಡಿಗರಿಗೆ ಹೊಗಳಲು ಬರುವುದಿಲ್ಲ ಎನ್ನುವಂತಿಲ್ಲ. ಹಳೆಯ ಶಾಸನಗಳನ್ನು ನೋಡಿ. ಕೆರೆ ಕೆಳಗಿನ ತುಂಡು ಗದ್ದೆ ದಾನ ಕೊಟ್ಟವನಿಗೂ ಸಾಲುಗಟ್ಟಲೆ ಬಿರುದುಗಳು. ಗದ್ದೆಯ ಸುದ್ದಿ ಬರುವಷ್ಟರಲ್ಲಿ ಕಲ್ಲೇ ಮುಗಿದಿರುತ್ತದೆ. ಇದ್ದ ಹೊಗಳಿಕೆಯನ್ನೆಲ್ಲ ಅರಸರಿಗೆ ಬಡಿಸಿ, ಮಕ್ಕಳಿಗೆ ಪಾತ್ರೆಯ ತಳ ಕೆರೆದು "ಪರವಾಗಿಲ್ಲ" ಹಾಕಿದೆವೋ ಏನೋ.

ಇಂಥ ನನ್ನ ಬಳಿಗೆ ಹೋದ ವರ್ಷ ಸಿಂಚನ ಬಂದಳು. ಕುಣಿಗಲ್ ತಾಲ್ಲೂಕಿನ ಅಮೃತೂರಿನವಳು, ಎರಡನೇ ಪಿಯು, ತುಮಕೂರಿನಲ್ಲಿ ಹಾಸ್ಟೆಲ್ ವಾಸ. ಅಮೆರಿಕದ ಹೆಸರುವಾಸಿ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುತ್ತಿದ್ದೇನೆ, ಶಿಫಾರಸು ಪತ್ರ ಬರೆದುಕೊಡಿ ಎಂದಳು. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಹೋಗುವುದಂತೆ. ಆ ಕಾಲೇಜುಗಳ ಬಾಗಿಲು ಅಲ್ಲಿಯವರಿಗೇ ಕಿರಿದು, ಹೊರದೇಶದವರಿಗೆ ಅದು ಕಿಟಕಿ, ಹಣದ ನೆರವೂ ಬೇಕು ಎಂದವರಿಗೆ ಬರೀ ಗವಾಕ್ಷಿ. ಇದನ್ನೆಲ್ಲ ಅವಳೇ ನನಗೆ ಹವಾಮಾನ ವರದಿ ಓದುವವರ ಹಾಗೆ ತಣ್ಣಗೆ ವಿವರಿಸಿದಳು. ಅಂಕಗಳು ಎಲ್ಲರ ಹತ್ತಿರವೂ ಇರುತ್ತವಂತೆ. ಹುಡುಗಿ ಎಂಥವಳು ಎಂದು ಪಾಠ ಹೇಳಿದವರೇ ಹೇಳಬೇಕಂತೆ.

ಅಷ್ಟೇ ತಾನೆ ಎಂದು ಅಂದು ಸಂಜೆಯೇ ಕೂತು ಬರೆದೆ. "ನನಗೆ ತಿಳಿದಮಟ್ಟಿಗೆ ಇವಳ ನಡತೆ ತೃಪ್ತಿಕರವಾಗಿದೆ." ಟಿಸಿ ಕೊಡುವಾಗ ನಾವು ಎಲ್ಲರಿಗೂ ಬರೆಯುವುದೇ ಹೀಗೆ, ಇದುವರೆಗೆ ಯಾರೂ ದೂರಿಲ್ಲ. ಜೊತೆಗೆ ಟಿಕ್ ಮಾಡಲು ಚೌಕಗಳಿದ್ದವು. ಸಾಧಾರಣದಿಂದ ಶುರುವಾಗಿ, ಉತ್ತಮ, ಅತ್ಯುತ್ತಮ ಎಂದು ಏರುತ್ತಾ, ಕೊನೆಗೆ "ನಾನು ಈವರೆಗೆ ಕಂಡ ಅತಿ ಶ್ರೇಷ್ಠರಲ್ಲಿ ಒಬ್ಬರು" ಎಂಬಲ್ಲಿಗೆ ನಿಂತಿದ್ದವು. ನಾನು ಧಾರಾಳವಾಗಿ "ಉತ್ತಮ" ಎಂಬುದಕ್ಕೆ ಟಿಕ್ ಹಾಕಿದೆ. ಸ್ವಲ್ಪ ಜಾಸ್ತಿಯಾಯಿತೇನೋ ಎಂದೂ ಅನ್ನಿಸಿತು. ನಾಳೆ ಇನ್ನೊಮ್ಮೆ ನೋಡಿ ಕಳಿಸೋಣ ಎಂದು ಎದ್ದೆ.

ಮಾರನೆಯ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಅವಳು ನಿಂತಿದ್ದಳು. "ಮೇಡಂ, ಲೆಟರ್ ನಾನು ನೋಡಂಗಿಲ್ಲ, ರೂಲ್ಸು. ಒಂದೇ ರಿಕ್ವೆಸ್ಟು. ಬರೀ ಗುಡ್ ಅಂತ ಮಾತ್ರ ಹಾಕ್ಬೇಡಿ. ಅಲ್ಲಿ ಗುಡ್ ಅಂದ್ರೆ ಕಥೆ ಮುಗೀತು ಅಂತ."

ಒಂದು ಟಿಕ್ಕಿನಲ್ಲಿ ಹುಡುಗಿಯ ಗವಾಕ್ಷಿಗೂ ಬೆಣೆ ಹೊಡೆಯುತ್ತಿದ್ದೆನಲ್ಲ! ಅಳಿಸಿ ಹೊಸದಾಗಿ ಬರೆಯೋಣವೆಂದರೆ ಹೊಗಳಿಕೆಯ ಮೊದಲ ಸಾಲೇ ಹೊಳೆಯದು. ಹೆತ್ತವರನ್ನು ಕೇಳಿದರೆ ಏನಾದರೂ ಸಿಕ್ಕೀತು ಎಂದು ಭಾನುವಾರ ಅವಳ ಜೊತೆ ಅಮೃತೂರಿನ ಬಸ್ಸು ಹತ್ತಿದೆ. ಹಳ್ಳಿಗೆ ಹೋದರೆ ಸುಲಭವಾಗುತ್ತದೆ ಎಂದುಕೊಂಡದ್ದು ನನ್ನ ಪೆದ್ದುತನ.

"ಇವ್ಳಾ? ಬುಡಿ ಮೇಡಂ, ಶುದ್ಧ ಸೋಂಬೇರಿ," ಎಂದು ತಾಯಿ ಜಯಮ್ಮ ನನ್ನ ಮುಂದೆ ಕಾಫಿ ಇಟ್ಟು ಶುರುಮಾಡಿದರು. "ಡ್ರಮ್ಮಿಂದ ನೀರು ಎತ್ತಾಕೇ ಅಂದ್ರೆ ಪೈಪ್ ಇಳ್ಸವ್ಳೆ. ಒಂದ್ಸಲ ಬಾಯಲ್ಲಿ ಎಳೆದು ಬುಟ್ರೆ ತಾನೇ ಹರಿಯುತ್ತೆ, ಇವ್ಳು ಪುಸ್ತಕ ಹಿಡ್ಕಂಡು ಕೂತ್ಕತಾಳೆ. ಬೀದಿಯೋರ್ಗೆಲ್ಲ ಅದನ್ನೇ ಕಲ್ಸವ್ಳೆ. ಪಕ್ಕದ್ಮನೆ ಅಜ್ಜಿ ಈಗ ಸೊಂಟನೇ ಬಗ್ಸಲ್ಲ."

ಊರ ಹತ್ತಿರದ ಮಾರ್ಕೋನಹಳ್ಳಿ ಜಲಾಶಯ ತುಂಬಿದಾಗ ಸೈಫನ್ನುಗಳು ತಾವಾಗಿ ನೀರು ಹೊರಹಾಕುವುದನ್ನು ನೋಡಿ ಬಂದ ಹುಡುಗಿ, ಅದನ್ನು ಅಮ್ಮನ ಡ್ರಮ್ಮಿಗೆ ತಂದಿದ್ದಳು. ನಾನು ಅದೇ ಪಾಠವನ್ನು ಬೋರ್ಡಿನ ಮೇಲೆ ಮಾಡಿ, ಅಲ್ಲೇ ಒರೆಸಿ ಬರುತ್ತಿದ್ದೆ. ಜಯಮ್ಮ ಮಗಳನ್ನು ಬಯ್ಯುತ್ತಿದ್ದ ಉತ್ಸಾಹ ನೋಡಿದರೆ ಸಾಕಿತ್ತು, ಹೆಮ್ಮೆ ಎಷ್ಟೆಂದು ನನಗೆ ತಿಳಿಯುತ್ತಿತ್ತು. ಸಿಂಚನಳಿಗೆ ಮಾತ್ರ ಅದು ಕೇಳಿಸಿದಂತೆ ಕಾಣಲಿಲ್ಲ. ತಲೆ ತಗ್ಗಿಸಿ ಕಾಲಿನ ಉಗುರು ನೋಡುತ್ತಾ ಕೂತಿದ್ದಳು.

ತುಮಕೂರಿಗೆ ಬಂದು ಬರೆದೆ. ಒಂದೊಂದು ಸಾಲಿಗೂ ನಮ್ಮಜ್ಜಿ ಕಣ್ಣು ಬಿಟ್ಟಂತಾಗುತ್ತಿತ್ತು. ಕೊನೆಯ ಚೌಕಕ್ಕೆ ಟಿಕ್ ಹಾಕುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದೆ. ಆದರೆ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದು ನನಗೇ ಆಶ್ಚರ್ಯ.

ಬೇಸಿಗೆಯ ಹೊತ್ತಿಗೆ ಉತ್ತರಗಳು ಬಂದವು. ಎಲ್ಲ ಕಡೆಯಿಂದಲೂ "ಇಲ್ಲ" ಎಂದೇ. ಅಮೆರಿಕದವರು ಬೇಡ ಎನ್ನುವುದನ್ನೂ ಹೊಗಳಿಯೇ ಹೇಳುತ್ತಾರೆ: ನಿನ್ನ ಸಾಧನೆಗೆ ಬೆರಗಾದೆವು, ನಿನ್ನ ಭವಿಷ್ಯ ಉಜ್ವಲ, ಆದರೆ ಜಾಗವಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಎನ್ನುತ್ತಾರಲ್ಲ, ಅದೇ ಧಾಟಿ. ಓದಿ ನನಗೆ ನಿಜಕ್ಕೂ ದುಃಖವಾಯಿತು. ನನ್ನ ಅಳುಕಿನ ಇಂಗ್ಲಿಷೇ ಸಾಲದಾಯಿತೇನೋ ಎಂದು ಕೊರಗಿದೆ.

ಸಿಂಚನ ತಾಯಿಯನ್ನು ಕರೆದುಕೊಂಡು ಮನೆಗೆ ಬಂದಳು. ಇಲ್ಲೇ ಬಿಎಸ್ಸಿ ಸೇರುತ್ತೇನೆ ಎಂದಳು. ಆಮೇಲೆ "ಈಗಾದ್ರೂ ಹೇಳಿ ಮೇಡಂ, ಲೆಟರಲ್ಲಿ ಏನ್ ಬರ್ದಿದ್ರಿ?" ಎಂದು ಕೇಳಿದಳು.

ಹಳೆಯ ಪ್ರಶಸ್ತಿ ನನ್ನ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ.

"ಇಷ್ಟು ವರ್ಷ ಪಾಠ ಮಾಡಿದವರಲ್ಲಿ ನಿನ್ನಷ್ಟು ಚೆನ್ನಾಗಿ ಯೋಚನೆ ಮಾಡೋರನ್ನ ನಾನು ನೋಡಿಲ್ಲ ಅಂತ ಬರೆದೆ ಕಣೇ. ನಿನ್ನಿಂದ ನಾನೂ ಕಲಿತೆ ಅಂತ ಬರೆದೆ."

ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಂಗೂ ಯಾವಾಗ್ಲೂ ಹಂಗೇ ಅನ್ಸೋದು ಮೇಡಂ," ಎಂದರು ಮೆಲ್ಲಗೆ.

ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಅಮ್ಮನ ಮುಖ ನೋಡಿದಳು.

"ಇದನ್ನ ನೀವಿಬ್ರೂ ಮೊದ್ಲೇ ಹೇಳಿದ್ರೆ," ಎಂದಳು, "ಅಮೆರಿಕದೋರನ್ನ ಕೇಳೋಕೆ ನಾನ್ಯಾಕೆ ಹೋಗ್ತಿದ್ದೆ?"