ಫಾರ್ಮ್ಯಾಟ್ ಹೊಡೆದ್ರಾಯ್ತು

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದವನನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಏನು ಕೆಟ್ಟಿದೆ ಎಂದು ಹೇಳಲು ಬಾಯಿ ತೆರೆದರೆ ಸಾಕು, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ತಳ್ಳಿ, "ಫಾರ್ಮ್ಯಾಟ್ ಹೊಡೆದ್ರಾಯ್ತು ಮಾರಾಯ್ರೆ" ಎನ್ನುತ್ತಿದ್ದ. ಒಳಗಿದ್ದುದನ್ನೆಲ್ಲ ಅಳಿಸಿಬಿಡುವುದು; ವೈರಸ್ಸಿಗೂ ಅದೇ ಮದ್ದು, ಪ್ರಿಂಟರ್ ನಿಂತರೂ ಅದೇ ಮದ್ದು.

ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇತ್ತು. ಪರದೆಯಲ್ಲಿ ಚಿತ್ರ ಮೂಡಿಸುವ ತಂತ್ರಾಂಶವಾದ ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದ್ದೇ ತಡ, ಪರದೆ ಕಪ್ಪಾಯಿತು. ಹಳೆಯ ಡ್ರೈವರನ್ನು ಇಳಿಸಿಕೊಳ್ಳಲು ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ; ಅವನ ಅಂಗಡಿಯಲ್ಲಿತ್ತು, ಅಲ್ಲಿಗೇ ಒಯ್ದೆ.

"ಚಿತ್ರ ಕಾಣ್ತಿಲ್ಲ ಅಷ್ಟೆ, ಒಳಗೆ ಎಲ್ಲ ಸರಿ ಇದೆ. ಹೊಸ ಡ್ರೈವರ್ ತೆಗೆದು ಹಳೇದು ಹಾಕಿ. ಬೇರೆ ಎಂತದೂ ಮುಟ್ಬೇಡಿ. ತೀರಿಹೋದ ಅಪ್ಪಯ್ಯನ ತಾಳಮದ್ದಲೆ ರೆಕಾರ್ಡಿಂಗ್ ಇರೋದು ಇದರಲ್ಲಿ ಮಾತ್ರ" ಎಂದು ಬಿಡಿಸಿ ಬಿಡಿಸಿ ಹೇಳಿದೆ. ಮಾತು ಮುಗಿಯುವ ಮೊದಲೇ ಅವನು ತಲೆಯಾಡಿಸಿದ್ದ.

ಸಂಜೆ ಹೋದಾಗ ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್‌ನ ಹಸಿರು ಗುಡ್ಡದ ಚಿತ್ರ ಹೊಳೆಯುತ್ತಿತ್ತು. ಲಿನಕ್ಸ್ ಇರಲಿಲ್ಲ. ನನ್ನ ಒಂದು ಫೈಲೂ ಇರಲಿಲ್ಲ.

"ಅಪ್ಪಯ್ಯನ ರೆಕಾರ್ಡಿಂಗ್ ಎಲ್ರೀ?" ಎಂದು ಬಸ್‌ಸ್ಟ್ಯಾಂಡಿಗೇ ಕೇಳುವಂತೆ ಕಿರುಚಿದೆ.

ಅವನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಸ್ಕ್ರೀನಲ್ಲಿ ಎಂತದೂ ಕಾಣ್ತಿರ್ಲಿಲ್ಲ ಮಾರಾಯ್ರೆ. ಮತ್ತೆ ಒಳಗೆ ಎಂತ ಇರ್ತದೆ?"

ಅವನು ಅಂಗಿಯ ತುದಿಯಿಂದ ಪರದೆಯನ್ನು ಒರೆಸಿ, ನನ್ನನ್ನು ಸಮಾಧಾನ ಮಾಡಲೆಂದೇ ಯಾವುದೋ ಸಿನಿಮಾ ಹಾಡು ಹಾಕಿದ.

"ನೋಡಿ, ಈಗ ಸೌಂಡೂ ಬರ್ತದೆ."